ಕೇಕಿಗೆ ಏರ್‌ಬ್ರಶ್ ಕೊಳ್ಳುವ ಮುನ್ನ ಗಾಳಿಯ ಯಂತ್ರ ನೋಡಿ

ಏರ್‌ಬ್ರಶ್ ಅಂದರೆ ಗಾಳಿಯ ರಭಸದಿಂದ ಬಣ್ಣವನ್ನು ಮಂಜಿನ ಹಾಗೆ ಸಿಂಪಡಿಸುವ ಸಾಧನ, ಕೈಯಲ್ಲಿ ಹಿಡಿಯುವ ಗನ್ ಒಂದು, ಅದಕ್ಕೆ ಗಾಳಿ ಒತ್ತಿ ಕೊಡುವ ಕಂಪ್ರೆಸರ್ ಇನ್ನೊಂದು. ಕೇಕಿಗೆ ಅದು ಬೇಕು ಅನ್ನುವವರು ಮೊಬೈಲಿನಲ್ಲಿ ಮೊದಲು ನೋಡುವುದು ಗನ್ನನ್ನು. ಹೊಳೆಯುವ ಕ್ರೋಮ್, ಮೇಲೊಂದು ಪುಟ್ಟ ಬಟ್ಟಲು, ಜೊತೆಗೆ ಬಣ್ಣದ ಬಾಟಲಿ ಉಚಿತ. ಕಂಪ್ರೆಸರಿನ ಬಗ್ಗೆ ಕೆಳಗೆಲ್ಲೋ ಒಂದು ಸಾಲು ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ನಾನು ಕಾರವಾರದ ಕೋಡಿಬಾಗದಲ್ಲಿ ಮನೆಯಲ್ಲೇ ಕೇಕ್ ಮಾಡಿಕೊಡುತ್ತೇನೆ. ಕಾಳಿ ನದಿ ಸಮುದ್ರ ಸೇರುವ ಜಾಗ ನಮ್ಮ ಮನೆಗೆ ಹತ್ತಿರ. ಕಿಟಕಿಯ ಸರಳಿಗೆ ಆಗಾಗ ಬಣ್ಣ ಹೊಡೆಯದಿದ್ದರೆ ತುಕ್ಕು ಹಿಡಿದು ಉದುರುವಂಥ ಗಾಳಿ ಇಲ್ಲಿಯದು. ಈ ಗಾಳಿಯಲ್ಲಿ ಕೆಲಸ ಮಾಡುವವಳಾಗಿ ಹೇಳುತ್ತೇನೆ, ಕೈಯಲ್ಲಿರುವ ದುಡ್ಡು ಕಡಿಮೆ ಇದ್ದರೆ ಗನ್ನಿಗೆ ಕಡಿಮೆ ಹಾಕಿ, ಕಂಪ್ರೆಸರಿಗೆ ಹೆಚ್ಚು ಹಾಕಿ.

ಯಾಕೆ ಅಂತ ತಿಳಿಯಬೇಕಾದರೆ ಗನ್ನಿನ ಒಳಗೆ ಏನಾಗುತ್ತದೆ ನೋಡಬೇಕು. ಉದ್ದಕ್ಕೆ ಒಂದು ಸೂಜಿ, ಅದರ ತುದಿ ಕೂರುವುದು ಒಂದು ಸಣ್ಣ ನಾಝಲಿನಲ್ಲಿ, ಅಂದರೆ ಬಣ್ಣ ಹೊರಬರುವ ಸಣ್ಣ ತೂತಿನ ಮೂತಿಯಲ್ಲಿ. ಕಂಪ್ರೆಸರಿನಿಂದ ಬಂದ ಗಾಳಿ ನಾಝಲಿನ ಸುತ್ತ ರಭಸದಿಂದ ಹೊರಗೆ ಹೋಗುವಾಗ ಅಲ್ಲಿ ಒತ್ತಡ ಇಳಿಯುತ್ತದೆ, ಬಣ್ಣ ತಾನಾಗಿ ಎಳೆದುಕೊಂಡು ಬಂದು ಸಣ್ಣ ಹನಿಗಳಾಗಿ ಒಡೆಯುತ್ತದೆ. ಸೂಜಿ ಎಷ್ಟು ಹಿಂದಕ್ಕೆ ಸರಿದರೆ ಅಷ್ಟು ಬಣ್ಣ. ಜಪಾನಿನ ಇವಾಟಾ, ಅಮೆರಿಕದ ಬ್ಯಾಜರ್, ಜರ್ಮನಿಯ ಹಾರ್ಡರ್ ಆ್ಯಂಡ್ ಸ್ಟೀನ್‌ಬೆಕ್ ಗನ್ನುಗಳಿಗೆ ಅಷ್ಟು ಬೆಲೆ ಯಾಕೆ ಅಂದರೆ ಆ ಸೂಜಿ, ನಾಝಲ್ ಅಷ್ಟು ನಯವಾಗಿರುತ್ತವೆ, ಕೂದಲೆಳೆಯಷ್ಟು ಸಣ್ಣ ಗೆರೆ ಬರುತ್ತದೆ. ಚಿತ್ರಕಾರರಿಗೆ ಅದು ಬೇಕು. ನಮಗೆ ಬೇಕಾದದ್ದು ಬೇರೆ. ಒಂದು ಕೆಜಿ ಕೇಕಿನ ಸುತ್ತ ಕಿತ್ತಳೆ ಬಣ್ಣ ಗುಲಾಬಿಗೆ ಇಳಿದು, ಗುಲಾಬಿ ನೇರಳೆಗೆ ಇಳಿಯಬೇಕು, ಎಲ್ಲಿಯೂ ಗೆರೆ ಕಾಣಬಾರದು. ಅದಕ್ಕೆ ಬೇಕಾದದ್ದು ಏರಿಳಿತವಿಲ್ಲದ, ಒಣ ಗಾಳಿ. ಗಾಳಿ ಸರಿಯಿಲ್ಲದಿದ್ದರೆ ಎಷ್ಟೇ ದುಬಾರಿ ಗನ್ನಾದರೂ ಹನಿ ಉಗುಳುತ್ತದೆ.

ಒತ್ತಡ ಮತ್ತು ತೇವ

ಗಾಳಿಯ ಒತ್ತಡವನ್ನು ಪಿಎಸ್‌ಐ ಎಂದು ಬರೆದಿರುತ್ತಾರೆ, ಕೆಲವದರ ಮೇಲೆ ಬಾರ್ ಎಂದಿರುತ್ತದೆ. ಒಂದು ಬಾರ್ ಅಂದರೆ ಸುಮಾರು 14.5 ಪಿಎಸ್‌ಐ. ವಿಪ್ಪಿಂಗ್ ಕ್ರೀಮಿನ ಮೇಲೆ ನಾನು 10ರಿಂದ 15 ಪಿಎಸ್‌ಐ ಒಳಗೆ ಇಟ್ಟುಕೊಳ್ಳುತ್ತೇನೆ, ಅದಕ್ಕಿಂತ ಹೆಚ್ಚಾದರೆ ಗಾಳಿಯೇ ಕ್ರೀಮಿನಲ್ಲಿ ಗುಳಿ ಮಾಡುತ್ತದೆ. ಬಟರ್‌ಕ್ರೀಮ್, ಮತ್ತು ಸಕ್ಕರೆಯ ಹಿಟ್ಟನ್ನು ಲಟ್ಟಿಸಿ ಕೇಕಿಗೆ ಹೊದಿಸುವ ಫಾಂಡೆಂಟ್ ಗಟ್ಟಿ, ಅವಕ್ಕೆ 15ರಿಂದ 20 ಇಡಬಹುದು. ಮಿನುಗುವ ಪರ್ಲ್ ಬಣ್ಣ ಸ್ವಲ್ಪ ದಪ್ಪ, ಅದಕ್ಕೆ 20 ದಾಟಿಸಬೇಕಾಗುತ್ತದೆ. ಅಂದರೆ ನಮಗೆ ಬೇಕಾದದ್ದು ಜೋರಾದ ಯಂತ್ರವಲ್ಲ. ಕಡಿಮೆ ಒತ್ತಡದಲ್ಲಿ ನಿಲ್ಲುವ, ತಿರುಗಿಸಿ ಹೊಂದಿಸಿಕೊಳ್ಳಬಹುದಾದ ಯಂತ್ರ ಬೇಕು. ಜಾಹೀರಾತಿನಲ್ಲಿ '40 ಪಿಎಸ್‌ಐ' ಎಂದು ದೊಡ್ಡದಾಗಿ ಬರೆದದ್ದು ನೋಡಿ ಮರುಳಾಗಬೇಡಿ. ಒತ್ತಡ ಹೊಂದಿಸುವ ರೆಗ್ಯುಲೇಟರ್ ಇದೆಯೇ, ಅದರ ಪಕ್ಕದಲ್ಲಿ ಒತ್ತಡ ತೋರಿಸುವ ಮುಳ್ಳಿನ ಗೇಜ್ ಇದೆಯೇ, ಅದನ್ನು ಕೇಳಿ.

ಇನ್ನು ತೇವ. ಇದರ ಬಗ್ಗೆ ಬೆಂಗಳೂರಿನಲ್ಲಿ ಕೂತು ವಿಡಿಯೋ ಮಾಡುವವರು ಹೆಚ್ಚು ಹೇಳುವುದಿಲ್ಲ, ಅವರಿಗೆ ಅದು ಅಷ್ಟು ಕಾಡುವುದೂ ಇಲ್ಲ. ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಆ ಬಿಸಿಗಾಳಿ ಪೈಪಿನಲ್ಲಿ ಬರುತ್ತಾ ತಣಿದಾಗ ಅದರಲ್ಲಿದ್ದ ನೀರಿನ ಅಂಶ ಹನಿಯಾಗಿ ಪೈಪಿನ ಒಳಗೋಡೆಗೆ ಕೂರುತ್ತದೆ. ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಕೋಣೆಯ ಗಾಳಿಯಲ್ಲೇ ಅಷ್ಟು ನೀರಿರುತ್ತದೆ. ಒಂದಷ್ಟು ಹೊತ್ತು ಹೊಡೆಯುವಷ್ಟರಲ್ಲಿ ಗನ್ನಿನ ಮೂತಿಯಿಂದ ಬಣ್ಣದ ಜೊತೆ ಒಂದು ದೊಡ್ಡ ಹನಿ ಟಪ್ಪೆಂದು ಬಂದು ಬಿಳಿ ಕ್ರೀಮಿನ ಮೇಲೆ ಬೀಳುತ್ತದೆ. ಬಿದ್ದ ಮೇಲೆ ಅದನ್ನು ಒರೆಸಲು ಬರುವುದಿಲ್ಲ, ಮೇಲೊಂದು ಹೂವು ಇಟ್ಟು ಮುಚ್ಚುವುದೊಂದೇ ದಾರಿ.

ಇದಕ್ಕೆ ಮದ್ದು ಮಾಯಿಶ್ಚರ್ ಟ್ರ್ಯಾಪ್. ರೆಗ್ಯುಲೇಟರಿನ ಕೆಳಗೆ ಪಾರದರ್ಶಕ ಬಟ್ಟಲಿನ ಹಾಗೆ ಇರುತ್ತದೆ, ನೀರು ಅದರಲ್ಲಿ ಕೂತುಕೊಳ್ಳುತ್ತದೆ, ಕೆಳಗಿನ ಗುಂಡಿ ಒತ್ತಿದರೆ ಹೊರಗೆ ಬರುತ್ತದೆ. ಪೈಪಿನಲ್ಲಿ ತಣಿದ ಮೇಲೆ ಆಗುವ ನೀರಿಗೆ ಗನ್ನಿನ ಹಿಡಿಯ ಕೆಳಗೇ ಸಿಕ್ಕಿಸುವ ಸಣ್ಣ ಟ್ರ್ಯಾಪ್ ಬೇರೆ ಸಿಗುತ್ತದೆ, ಬೆಲೆ ಕೆಲವು ನೂರು ರೂಪಾಯಿ. ಗೋಕರ್ಣ, ಕುಮಟಾ, ಹೊನ್ನಾವರ, ಭಟ್ಕಳ ಎಲ್ಲಿಯವರಾದರೂ ಸರಿ, ಇದಿಲ್ಲದೆ ಮಳೆಗಾಲದಲ್ಲಿ ಕೆಲಸ ಹಿಡಿಯಬೇಡಿ. ಪೈಪು ಉದ್ದವಾಗಿದ್ದಷ್ಟೂ ಗಾಳಿ ತಣಿಯಲು ಜಾಗ ಸಿಗುತ್ತದೆ, ಆ ನೀರನ್ನು ಹಿಡಿಯಲು ಗನ್ನಿನ ಬುಡದ ಟ್ರ್ಯಾಪೇ ಬೇಕು.

ಯಾವ ಬೆಲೆಗೆ ಏನು ಸಿಗುತ್ತದೆ

ತೀರ ಕಡಿಮೆ ಬೆಲೆಯದು ಕೈಯಲ್ಲಿ ಒತ್ತುವ ಪ್ಲಾಸ್ಟಿಕ್ ಪಂಪು, ಐನೂರು ರೂಪಾಯಿ ಆಸುಪಾಸು. ಮಿನುಗು ಪುಡಿ ಎರಚಲು, ಕೇಕಿನ ಅಂಚಿಗೆ ಸ್ವಲ್ಪ ಬಂಗಾರದ ಬಣ್ಣ ಕೊಡಲು ಸಾಕು. ಒಂದು ಬಣ್ಣವನ್ನು ಇನ್ನೊಂದಕ್ಕೆ ಇಳಿಸುವ ಕೆಲಸ ಅದರಲ್ಲಿ ಆಗುವುದಿಲ್ಲ.

ಅದರ ಮೇಲಿನದು ಚಾರ್ಜ್ ಮಾಡುವ ಕಾರ್ಡ್‌ಲೆಸ್. ಗನ್ನಿನ ಬುಡಕ್ಕೇ ಪುಟ್ಟ ಕಂಪ್ರೆಸರ್ ಅಂಟಿರುತ್ತದೆ, ಸುಮಾರು ಒಂದೂವರೆಯಿಂದ ಮೂರು ಸಾವಿರ. ಇದನ್ನು ಹಗುರವಾಗಿ ತಳ್ಳಿಹಾಕುವವರಿದ್ದಾರೆ, ನಾನು ತಳ್ಳಿಹಾಕುವುದಿಲ್ಲ. ಘಟ್ಟದ ಮೇಲೆ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆ ಹೇಳಲಾಗದು, ಸಂಜೆ ಹುಟ್ಟುಹಬ್ಬ ಇದ್ದರೆ ಚಾರ್ಜಾದ ಗನ್ನೇ ಕೈಹಿಡಿಯುವುದು. ಆದರೆ ಬಹಳಷ್ಟರಲ್ಲಿ ಒತ್ತಡವನ್ನು ಸರಿಯಾಗಿ ಇಳಿಸಲು ಬರುವುದಿಲ್ಲ, ಗೇಜ್ ಇರುವುದಿಲ್ಲ, ಕೈಗೆ ಭಾರ. ಕ್ರೀಮ್ ಕೇಕಿಗೆ ದೂರದಿಂದ ಹೊಡೆಯಬೇಕು. ಕೊಳ್ಳುವುದಾದರೆ ಮೂರು ಹಂತದ ವೇಗ ಇರುವುದನ್ನೇ ಕೊಳ್ಳಿ, ಮತ್ತು ಮೇಲಿನ ಗನ್ ಬಿಚ್ಚಿ ಬೇರೆ ಮಾಡಲು ಬರುತ್ತದೆಯೇ ನೋಡಿ. ಬಿಚ್ಚಲು ಬಂದರೆ ನಾಳೆ ದೊಡ್ಡ ಕಂಪ್ರೆಸರಿಗೆ ಅದೇ ಗನ್ ಹಾಕಿಕೊಳ್ಳಬಹುದು.

ಅಂಗೈಯಗಲದ ಡಬ್ಬಿಯಂಥ ಮಿನಿ ಕಂಪ್ರೆಸರ್ ಮತ್ತು ಗನ್ ಸೇರಿದ ಕಿಟ್ ಇನ್ನೊಂದು ಬಗೆ, ಎರಡೂವರೆಯಿಂದ ನಾಲ್ಕೂವರೆ ಸಾವಿರದೊಳಗೆ ಬರುತ್ತದೆ. ಕೇಕ್ ಕಲಿಯುವ ಹೆಚ್ಚಿನವರು ಇದನ್ನೇ ಕೊಳ್ಳುತ್ತಾರೆ. ತಿಂಗಳಿಗೆ ಒಂದೆರಡು ಕೇಕ್ ಮಾಡುವವರಿಗೆ ಧಾರಾಳ ಸಾಕು. ಟ್ಯಾಂಕ್ ಇಲ್ಲದ್ದರಿಂದ ಗಾಳಿ ಸಣ್ಣಗೆ ಮಿಡಿಯುತ್ತಾ ಬರುತ್ತದೆ, ಬೇಗ ಬಿಸಿಯಾಗುತ್ತದೆ. ಇಪ್ಪತ್ತು ನಿಮಿಷ ಓಡಿಸಿದರೆ ಅಷ್ಟೇ ಹೊತ್ತು ಆರಿಸಬೇಕು.

ನಾನು ನೆಚ್ಚಿಕೊಂಡಿರುವುದು ಪಿಸ್ಟನ್ ಕಂಪ್ರೆಸರನ್ನು. ಎಣ್ಣೆ ಬೇಡದ ಮೋಟಾರು, ರೆಗ್ಯುಲೇಟರ್, ಗೇಜ್, ಟ್ರ್ಯಾಪ್ ಎಲ್ಲ ಒಟ್ಟಿಗೇ ಇರುತ್ತದೆ. ಅಂಗಡಿಯವರು ಎಎಸ್-186 ಎಂದು ಹೇಳುವ ಮಾದರಿಗೆ ಕೆಳಗೆ ಮೂರು ಲೀಟರಿನ ಟ್ಯಾಂಕ್ ಇದೆ. ಟ್ಯಾಂಕು ತುಂಬಿ ಸುಮಾರು 4 ಬಾರ್ ಆದಾಗ ಮೋಟಾರು ತಾನೇ ನಿಲ್ಲುತ್ತದೆ, 3ಕ್ಕೆ ಇಳಿದಾಗ ಮತ್ತೆ ಶುರುವಾಗುತ್ತದೆ. ಗಾಳಿ ಟ್ಯಾಂಕಿನಲ್ಲಿ ಸ್ವಲ್ಪ ಹೊತ್ತು ನಿಂತು ತಣಿಯುವುದರಿಂದ ನೀರಿನ ಬಹುಪಾಲು ಅಲ್ಲೇ ತಳಕ್ಕೆ ಕೂರುತ್ತದೆ, ಮಿಡಿತವೂ ಇರುವುದಿಲ್ಲ. ಬೆಲೆ ಏಳರಿಂದ ಹತ್ತು ಸಾವಿರದ ನಡುವೆ. ಟ್ಯಾಂಕ್ ಇಲ್ಲದ ಅದೇ ಜಾತಿಯ ಪಿಸ್ಟನ್ ಯಂತ್ರ ಇನ್ನೂ ಕಡಿಮೆಗೆ ಸಿಗುತ್ತದೆ. ವಾರ ವಾರ ಆರ್ಡರ್ ಇರುವವರು ಟ್ಯಾಂಕ್ ಇರುವುದಕ್ಕೇ ದುಡ್ಡು ಕೂಡಿಸುವುದು ಒಳ್ಳೆಯದು. ರಾತ್ರಿ ಮಕ್ಕಳು ಮಲಗಿದ ಮೇಲೂ ಓಡಿಸುವಷ್ಟು ಸದ್ದು ಕಡಿಮೆ.

ಮನೆಯಲ್ಲಿ ಕಾರಿಗೆ ಗಾಳಿ ತುಂಬುವ ಪಂಪು ಇದೆ, ಅದನ್ನೇ ಬಳಸಬಹುದಾ ಎಂದು ಬಹಳ ಜನ ಕೇಳುತ್ತಾರೆ. ಬೇಡ, ಅದರಲ್ಲಿ ಇಷ್ಟು ಕಡಿಮೆ ಒತ್ತಡ ನಿಲ್ಲಿಸಲಾಗದು. ಗ್ಯಾರೇಜಿನ ಕಂಪ್ರೆಸರ್ ಅಂತೂ ಬೇಡವೇ ಬೇಡ, ಎಣ್ಣೆ ಹಾಕುವ ಯಂತ್ರದ ಗಾಳಿಯಲ್ಲಿ ಎಣ್ಣೆಯ ಅಂಶ ಬರುತ್ತದೆ, ಅದು ತಿನ್ನುವ ವಸ್ತುವಿನ ಮೇಲೆ ಬೀಳಬಾರದು. ಅಕ್ವೇರಿಯಮ್ಮಿನ ಪಂಪಿಗೆ ಅಷ್ಟು ಶಕ್ತಿಯೇ ಇಲ್ಲ.

ಹೊರದೇಶದಲ್ಲಿರುವ ನೆಂಟರ ಕೈಯಲ್ಲಿ ತರಿಸುವವರು ನಮ್ಮ ಕಡೆ ಬಹಳ. ದುಬೈಯಿಂದ ಬಂದದ್ದಕ್ಕೆ ಪ್ಲಗ್ಗಿನ ಮೂತಿ ಮಾತ್ರ ಬೇರೆ, ಅಡಾಪ್ಟರ್ ಹಾಕಿದರೆ ಆಯಿತು. ಅಮೆರಿಕದಿಂದ ತಂದದ್ದು 120 ವೋಲ್ಟಿನದಾಗಿರುತ್ತದೆ, ನಮ್ಮ 230 ವೋಲ್ಟಿಗೆ ನೇರ ಸಿಕ್ಕಿಸಿದರೆ ಮೋಟಾರು ಸುಟ್ಟುಹೋಗುತ್ತದೆ. ಅಲ್ಲಿಂದ ತರಿಸುವುದಾದರೆ ಗನ್ ಮಾತ್ರ ತರಿಸಿ.

ಗನ್ ಆರಿಸುವಾಗ

ಶಿರಸಿಯ ನನ್ನ ಚಿಕ್ಕಮ್ಮನ ಮಗಳು ಫೋನು ಮಾಡಿ ಕೇಳಿದ್ದು ಇದನ್ನೇ, "ಅಕ್ಕಾ, ಸಿಂಗಲ್ ತಗಳ್ಳಲಕ್ಕಾ, ಡಬಲ್ ತಗಳ್ಳಲಕ್ಕಾ?" ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಸಿಂಗಲ್ ಆಕ್ಷನ್ನಿನಲ್ಲಿ ಟ್ರಿಗರ್ ಒತ್ತಿದರೆ ಗಾಳಿ, ಬಣ್ಣ ಎರಡೂ ಒಟ್ಟಿಗೆ ಬರುತ್ತವೆ, ಬಣ್ಣ ಎಷ್ಟೆಂದು ಮೊದಲೇ ತಿರುಗಿಸಿ ಇಟ್ಟುಕೊಂಡಿರಬೇಕು. ಡಬಲ್ ಆಕ್ಷನ್ನಿನಲ್ಲಿ ಕೆಳಗೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಕಲಿಯುವವರಿಗೆ ಸಿಂಗಲ್ ಸುಲಭ ಎಂದು ಮಾರುವವರು ಹೇಳುತ್ತಾರೆ. ಇಡೀ ಕೇಕಿಗೆ ಒಂದೇ ಬಣ್ಣ, ಅಥವಾ ಆಕಾರ ಕತ್ತರಿಸಿದ ಹಾಳೆ (ಸ್ಟೆನ್ಸಿಲ್) ಇಟ್ಟು ಹೊಡೆಯುವುದು, ಇಷ್ಟೇ ಮಾಡುವುದಾದರೆ ಅದು ನಿಜ. ಬಣ್ಣ ಇಳಿಸುವ ಆಸೆ ಇದ್ದರೆ ಡಬಲ್ಲೇ ತೆಗೆದುಕೊಳ್ಳಿ. ಅದರಲ್ಲಿ ಬಣ್ಣ ಇಲ್ಲದೆ ಬರಿ ಗಾಳಿಯನ್ನೂ ಬಿಡಬಹುದು, ಹೊಡೆದ ಬಣ್ಣ ಆರಿಸಲು ನಮ್ಮ ಹವೆಯಲ್ಲಿ ಅದು ದೊಡ್ಡ ಉಪಕಾರ.

ನಾಝಲ್ 0.3 ಮಿಲಿಮೀಟರ್ ಇರಲಿ. 0.2 ಬೇಗ ಕಟ್ಟಿಕೊಳ್ಳುತ್ತದೆ. ಪರ್ಲ್, ಬಂಗಾರ, ಬೆಳ್ಳಿ ಹೆಚ್ಚು ಬಳಸುವವರು 0.4 ಅಥವಾ 0.5 ನೋಡಬಹುದು. ಬಣ್ಣದ ಬಟ್ಟಲು ಮೇಲೆಯೇ ಇರುವ ಗ್ರಾವಿಟಿ ಫೀಡ್ ಬಗೆ ನಮಗೆ ಅನುಕೂಲ, ನಾಲ್ಕು ಹನಿ ಬಣ್ಣದಲ್ಲೂ ಕೆಲಸ ಆಗುತ್ತದೆ, ತೊಳೆಯುವುದೂ ಸುಲಭ. ಪೈಪಿನ ತಿರುಪು 1/8 ಬಿಎಸ್‌ಪಿ ಎಂದಿದ್ದರೆ ಏರ್‌ಬ್ರಶ್ಶಿನ ಹೆಚ್ಚಿನ ಕಂಪ್ರೆಸರುಗಳಿಗೆ ಹೊಂದುತ್ತದೆ ಅನ್ನಬಹುದು. ಇವೆಲ್ಲ ಇರುವ ಸಾಧಾರಣ ಗನ್ ಸಾವಿರ ರೂಪಾಯಿ ಆಸುಪಾಸಿನಲ್ಲಿ ಬರುತ್ತದೆ, ನನ್ನದೂ ಅಂಥದ್ದೇ.

ಅಗ್ಗದ ಗನ್ನುಗಳ ಮೈ ಹಿತ್ತಾಳೆ, ಮೇಲೆ ಕ್ರೋಮ್ ಲೇಪ. ಬಟ್ಟಲಿನ ಒಳಗೆ ಲೇಪ ಎದ್ದಿದ್ದರೆ ಅದನ್ನು ಬಳಸಬಾರದು. ಸೂಜಿ ಸ್ಟೀಲಿನದಾಗಿರಬೇಕು. ಒಳಗಿನ ಸೀಲ್ ಟೆಫ್ಲಾನಿನದಾದರೆ ಉತ್ತಮ, ರಬ್ಬರಿನದು ಆಲ್ಕೋಹಾಲ್ ಇರುವ ಬಣ್ಣಕ್ಕೆ ಉಬ್ಬಬಹುದು. ಮುಖ್ಯವಾದ ಮಾತು, ಬೇರೆಯವರು ಉಗುರಿಗೋ ಗೊಂಬೆಗೋ ಬಣ್ಣ ಹೊಡೆದ ಹಳೆಯ ಗನ್ ಅರ್ಧ ಬೆಲೆಗೆ ಸಿಕ್ಕರೂ ಕೇಕಿಗೆ ಬೇಡ. ಎಷ್ಟು ತೊಳೆದರೂ ಸಂದಿಯಲ್ಲಿ ಉಳಿದದ್ದು ಹೋಗುವುದಿಲ್ಲ.

ಪಾರ್ಸೆಲ್ ಬಂದ ದಿನ

ಬಿಚ್ಚುವಾಗ ವಿಡಿಯೋ ಮಾಡಿಟ್ಟುಕೊಳ್ಳಿ, ವಾಪಸು ಕಳಿಸಬೇಕಾದರೆ ಬೇಕಾಗುತ್ತದೆ. ಸೂಜಿಯನ್ನು ಹಿಂದಿನಿಂದ ನಿಧಾನ ಎಳೆದು ಗಾಜಿನ ಮೇಲೆ ಉರುಳಿಸಿ, ತುದಿ ಕುಣಿದರೆ ಡೊಂಕಿದೆ ಎಂದರ್ಥ. ಕಾರ್ಖಾನೆಯ ಎಣ್ಣೆ ಹೋಗಲು ಬಿಡಿಭಾಗಗಳನ್ನು ಪಾತ್ರೆ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಜೋಡಿಸಿ, ಒಂದೆರಡು ಬಟ್ಟಲು ಕಾಯಿಸಿ ಆರಿಸಿದ ನೀರು ಹಾಯಿಸಿ. ಪೈಪಿನ ಸಂದುಗಳಿಗೆ ಸೋಪಿನ ನೊರೆ ಹಚ್ಚಿದರೆ ಗಾಳಿ ಸೋರುವಲ್ಲಿ ಗುಳ್ಳೆ ಏಳುತ್ತದೆ. ಆಟೋಸ್ಟಾಪ್ ಇದೆ ಎಂದು ಬರೆದಿದ್ದರೆ ಗನ್ನಿನ ಟ್ರಿಗರ್ ಮುಟ್ಟದೆ ಮೋಟಾರು ಓಡಿಸಿ, ತಾನಾಗಿ ನಿಲ್ಲಬೇಕು, ನಿಂತ ಮೇಲೆ ಗೇಜಿನ ಮುಳ್ಳು ಇಳಿಯಬಾರದು. ಆಮೇಲೆ ಕಂದು ಕಾಗದದ ಮೇಲೆ ನೀರು ಹೊಡೆದು ನೋಡಿ. ಗುರುತು ದುಂಡಗೆ ಬರಬೇಕು. ಒಂದು ಬದಿಗೆ ವಾಲಿದರೆ ನಾಝಲಿನಲ್ಲಿ ದೋಷ ಇದೆ, ಕೂಡಲೇ ವಾಪಸು ಕಳಿಸಿ.

ಬಣ್ಣ

ಜೆಲ್ ಬಣ್ಣ ನೇರವಾಗಿ ಹೋಗುವುದಿಲ್ಲ. ಏರ್‌ಬ್ರಶ್ಶಿಗೆಂದೇ ಬರುವ ನೀರಾದ ಬಣ್ಣ ಕೊಳ್ಳಿ. ಜೆಲ್ಲನ್ನು ವೋಡ್ಕಾದಲ್ಲಿ ತೆಳು ಮಾಡಿ ಎಂದು ಹೇಳುತ್ತಾರೆ, ಬೇಗ ಆರುತ್ತದೆ ನಿಜ. ಆದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೊಟ್ಟೆಯೇ ಇಲ್ಲದ ಕೇಕ್ ಕೇಳುತ್ತಾರೆ, ಅಂಥವರಿಗೆ ತಿಳಿಸದೆ ಮದ್ಯ ಹಾಕುವುದು ಸರಿಯಲ್ಲ. ನಾನು ನೀರಿನ ಬಣ್ಣವನ್ನೇ ತೆಳುವಾಗಿ ಹೊಡೆದು, ಬರಿ ಗಾಳಿಯಲ್ಲಿ ಆರಿಸಿ, ಮತ್ತೆ ಹೊಡೆಯುತ್ತೇನೆ.

ಬಾಟಲಿಯ ಮೇಲೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ಸಂಖ್ಯೆ ನೋಡಿ. ನಮ್ಮ ದೇಶದಲ್ಲಿ ಆಹಾರಕ್ಕೆ ಒಪ್ಪಿಗೆ ಇರುವ ಕೃತಕ ಬಣ್ಣಗಳು ಎಂಟೇ, ಹೆಸರಿನ ಪಕ್ಕದ ಅಂಕಿ ಲೇಬಲ್ಲಿನಲ್ಲಿ ಬರೆಯುವ ಐಎನ್‌ಎಸ್ ಸಂಖ್ಯೆ. ಹಳದಿಗೆ ಟಾರ್ಟ್ರಜೀನ್ 102, ಸನ್‌ಸೆಟ್ ಯೆಲ್ಲೊ 110. ಕೆಂಪಿಗೆ ಕಾರ್ಮೊಸೀನ್ 122, ಪಾನ್ಸೊ 4ಆರ್ 124, ಎರಿಥ್ರೊಸೀನ್ 127. ನೀಲಿಗೆ ಇಂಡಿಗೊ ಕಾರ್ಮೈನ್ 132, ಬ್ರಿಲಿಯಂಟ್ ಬ್ಲೂ 133. ಹಸಿರಿಗೆ ಫಾಸ್ಟ್ ಗ್ರೀನ್ 143. 2024ರ ಮಾರ್ಚಿನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳ ವಿಷಯದಲ್ಲಿ ರೋಡಮೀನ್-ಬಿ ಮೇಲೆ ಕ್ರಮ ಕೈಗೊಂಡಿತಲ್ಲ, ಅದು ಬಟ್ಟೆಗೆ ಹಾಕುವ ಬಣ್ಣ. ಹೆಸರಿಲ್ಲದ ಡಬ್ಬಿಯ ಹೊಳೆಯುವ ಗುಲಾಬಿ ಪುಡಿಯನ್ನು ಮಕ್ಕಳ ಕೇಕಿಗೆ ಹಾಕಲೇಬೇಡಿ. ಕಿಟ್ಟಿನ ಜೊತೆ ಉಚಿತವಾಗಿ ಬರುವ ಬಾಟಲಿಗಳನ್ನೂ ಇದೇ ಕಣ್ಣಿನಿಂದ ನೋಡಿ. ಮಿನುಗು ಪುಡಿಯ ಮೇಲೆ 'ನಾನ್-ಟಾಕ್ಸಿಕ್' ಎಂದಷ್ಟೇ ಇದ್ದರೆ ಅದು ತಿನ್ನಲು ಮಾಡಿದ್ದಲ್ಲ, 'ಎಡಿಬಲ್' ಎಂದಿರಬೇಕು.

ಕೇಕಿನ ಮುಂದೆ

ಮೊದಲು ಸ್ಟೀಲ್ ಡಬ್ಬಿಗೆ ಬಟರ್ ಪೇಪರ್ ಸುತ್ತಿ ಕೈ ಪಳಗಿಸಿ, ಕೇಕಿನಷ್ಟೇ ದುಂಡಗೆ ಇರುತ್ತದೆ. ಗನ್ನನ್ನು ಗೇಣಿಗಿಂತ ಸ್ವಲ್ಪ ಹತ್ತಿರ, ಅಂದರೆ ಆರು ಇಂಚು ದೂರ ಹಿಡಿಯಿರಿ. ಮೊದಲು ಗಾಳಿ, ಆಮೇಲೆ ಬಣ್ಣ. ನಿಲ್ಲಿಸುವಾಗ ಮೊದಲು ಬಣ್ಣ, ಆಮೇಲೆ ಗಾಳಿ. ಕೈ ಚಲಿಸುತ್ತಿರುವಾಗಲೇ ಬಣ್ಣ ಶುರುವಾಗಬೇಕು, ಚಲಿಸುತ್ತಿರುವಾಗಲೇ ನಿಲ್ಲಬೇಕು. ಸೂರ್ಯಾಸ್ತದ ಕೇಕಿಗೆ ತಿಳಿ ಬಣ್ಣದಿಂದ ಗಾಢಕ್ಕೆ ಹೋಗಿ. ಸಂಜೆ ಟಾಗೋರ್ ಕಡಲತೀರದಲ್ಲಿ ನಿಂತು ನೋಡಿದರೆ ಹಳದಿ ಎಲ್ಲಿ ಮುಗಿಯುತ್ತದೆ ಎಂದು ತೋರಿಸಲು ಆಗುವುದಿಲ್ಲ, ಎರಡು ಬಣ್ಣ ಒಂದರ ಮೇಲೊಂದು ನಾಲ್ಕು ಬೆರಳಿನಷ್ಟು ಹತ್ತಿಕೊಂಡಿರಬೇಕು. ಅಂಕೋಲಾದ ಕರಿ ಇಶಾಡ್ ಮಾವಿಗೆ 2023ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಮೇಲೆ ಮಾವಿನ ಆಕಾರದ ಕೇಕ್ ಕೇಳುವವರಿದ್ದಾರೆ, ಅಲ್ಲಿಯೂ ಇದೇ ರೀತಿ, ಇಡೀ ಹಣ್ಣಿಗೆ ಹಳದಿ, ತೊಟ್ಟಿನ ಕಡೆಯಿಂದ ಹಸಿರು.

ಫ್ರಿಜ್ಜಿನಿಂದ ತೆಗೆದ ಕೇಕ್ ನಮ್ಮ ಹವೆಯಲ್ಲಿ ಕೂಡಲೇ ಬೆವರುತ್ತದೆ, ಬೆವರಿದ ಮೇಲೆ ಹೊಡೆದ ಬಣ್ಣ ಜಾರುತ್ತದೆ. ಆದ್ದರಿಂದ ಬಣ್ಣ ತುಂಬಿ, ಹಾಳೆಯ ಮೇಲೆ ಹೊಡೆದು ನೋಡಿ, ಎಲ್ಲ ಸಿದ್ಧವಾದ ಮೇಲೆ ಕೇಕ್ ಹೊರಗೆ ತೆಗೆಯಿರಿ. ಹೊಡೆದ ತಕ್ಷಣ ಒಳಗಿಡಿ. ಎರಡನೇ ಬಣ್ಣಕ್ಕೆ ಮತ್ತೆ ತೆಗೆಯಿರಿ. ಫಾಂಡೆಂಟ್ ಆದರೆ ಫ್ರಿಜ್ಜೇ ಬೇಡ. ಫ್ಯಾನ್ ಆರಿಸಿ, ಕಿಟಕಿ ತೆರೆದಿಡಿ, ಮಾಸ್ಕ್ ಹಾಕಿ, ಬಣ್ಣದ ಮಂಜು ಉಸಿರಿಗೆ ಹೋಗುವುದು ಒಳ್ಳೆಯದಲ್ಲ. ಹಿಂದೆ ಒಂದು ರಟ್ಟಿನ ಪೆಟ್ಟಿಗೆ ನಿಲ್ಲಿಸಿಕೊಂಡರೆ ಗೋಡೆಯೂ ಉಳಿಯುತ್ತದೆ.

ತೊಳೆದು ಇಡುವುದು

ಬಣ್ಣ ಬದಲಿಸುವಾಗೆಲ್ಲ ನೀರು ಹಾಯಿಸಿ. ಮೂತಿಗೆ ಬಟ್ಟೆ ಒತ್ತಿ ಸ್ವಲ್ಪ ಗಾಳಿ ಬಿಟ್ಟರೆ ಗಾಳಿ ಹಿಂದಕ್ಕೆ ನುಗ್ಗಿ ಬಟ್ಟಲಿನಲ್ಲಿ ಗುಳ್ಳೆ ಏಳುತ್ತದೆ, ಸಿಕ್ಕಿಕೊಂಡದ್ದು ಬಿಡುತ್ತದೆ. ದಿನದ ಕೆಲಸ ಮುಗಿದ ಮೇಲೆ ಸೂಜಿ ತೆಗೆದು ಒದ್ದೆ ಬಟ್ಟೆಯಲ್ಲಿ ಬುಡದಿಂದ ತುದಿಯ ಕಡೆಗೆ ಒರೆಸಿ. ಇಡೀ ಗನ್ನನ್ನು ನೀರಿನಲ್ಲಿ ಮುಳುಗಿಸಿಡಬೇಡಿ, ಗಾಳಿಯ ವಾಲ್ವಿನೊಳಗೆ ನೀರು ನಿಂತರೆ ಸ್ಪ್ರಿಂಗಿಗೆ ತುಕ್ಕು ಬರುತ್ತದೆ. ನಾಝಲಿನೊಳಗೆ ಪಿನ್ನು, ತಂತಿ ಹಾಕಬೇಡಿ, ಬೆಚ್ಚಗಿನ ನೀರಿನಲ್ಲಿ ನೆನೆಸಿ ಗನ್ನಿನ ಜೊತೆ ಬಂದ ಬ್ರಶ್ಶಿನಲ್ಲೇ ಬಿಡಿಸಿ. ಟ್ಯಾಂಕಿನ ತಳದ ತಿರುಪು ತೆಗೆದು ನೀರು ಬಸಿಯಿರಿ, ಮಳೆಗಾಲದಲ್ಲಿ ಪ್ರತಿ ಸಲವೂ.

ಒಣಗಿದ ಗನ್ನನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಔಷಧಿ ಬಾಟಲಿ, ಚಪ್ಪಲಿ ಪೆಟ್ಟಿಗೆಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಪೊಟ್ಟಣ ಗನ್ನಿನ ಬಟ್ಟಲಿಗೆ ತಾಗದ ಹಾಗೆ ಬೇರೆ ಚೀಲದಲ್ಲಿರಲಿ, ಮಕ್ಕಳ ಕೈಗೆ ಸಿಗದಿರಲಿ. ಗನ್ ಆರ್ಡರ್ ಮಾಡುವಾಗಲೇ ಅದೇ ಅಳತೆಯ ಸೂಜಿ, ನಾಝಲ್ ಒಂದು ಜೊತೆ ಹೆಚ್ಚಿಗೆ ತರಿಸಿ. ಸೂಜಿಯ ತುದಿ ಒಮ್ಮೆ ನೆಲಕ್ಕೆ ಬಿದ್ದರೆ ಡೊಂಕುತ್ತದೆ, ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ ಆ ದಿನವೇ ಇನ್ನೊಂದು ಸಿಗುವುದು ಕಷ್ಟ.